ಗಾಳಿಗೆ ಬಿದ್ದ ಹಲಸಿನಿಂದ ಉಪ್ಪಿನ ಮರಿಗೆ

ಜೂನ್‌ನಲ್ಲಿ ಗಾಳಿ ಮಳೆ ಜೋರಾದರೆ ಕೊಡಗಿನ ತೋಟಗಳಲ್ಲಿ ಮರ ಬೀಳುವುದು ಹೊಸದೇನಲ್ಲ. ದೊಡ್ಡ ದಿಮ್ಮಿ ಸಾಮಿಲ್ಲಿಗೆ ಹೋಗುತ್ತದೆ, ಉಳಿದದ್ದು ಸೌದೆ ರಾಶಿಗೆ. ಮರವನ್ನು ತಿರುಗಿಸಿ ಉಳಿಯಿಂದ ಕಡೆಯುವ ಲೇತ್ ಯಂತ್ರ ಇರುವವರಿಗೆ ಆ ರಾಶಿಯಲ್ಲೇ ಮರಿಗೆ (ಮರದ ಬಟ್ಟಲು), ಲಟ್ಟಣಿಗೆ, ಸೌಟಿನ ಹಿಡಿ ಎಲ್ಲ ಸಿಗುತ್ತವೆ. ಕಡೆಯುವುದನ್ನು ಹೇಗೋ ಕಲಿಯಬಹುದು. ಕಷ್ಟ ಇರುವುದು ಒಣಗಿಸುವುದರಲ್ಲಿ, ಅದೂ ಮಡಿಕೇರಿಯಂಥ ಥಂಡಿ ಊರಿನಲ್ಲಿ.

ಮೊದಲು ಒಂದು ಎಚ್ಚರಿಕೆ. ನಮ್ಮ ತೋಟದಲ್ಲಿ ಬಿದ್ದದ್ದು ನಮ್ಮದೇ ಎಂದು ಸುಮ್ನೆ ಗರಗಸ ಹಿಡಿಯಬೇಡಿ. ಕರ್ನಾಟಕದಲ್ಲಿ ಮರಗಳಿಗೆ 1976ರ ಕಾಯ್ದೆ ಇದೆ. ಕೊಡಗಿನಲ್ಲಿ ಅದರ ಜೊತೆಗೆ ರಿಡೀಮ್ ಆದ (ಮರದ ಬೆಲೆಯನ್ನು ಸರ್ಕಾರಕ್ಕೆ ಕಟ್ಟಿ ಹಕ್ಕು ಬಿಡಿಸಿಕೊಂಡ) ಜಾಗ, ಆಗದ ಜಾಗ ಎಂಬ ತಕರಾರು ಬೇರೆ. ಆಗದ ಜಾಗದಲ್ಲಿ ಮರದ ಹಕ್ಕು ಸರ್ಕಾರದ್ದು. ಬೀಟೆ, ತೇಗ, ಗಂಧ ಬಿದ್ದಿದ್ದರೆ ಮುಟ್ಟಲೇಬೇಡಿ, ಅರಣ್ಯ ಇಲಾಖೆಗೆ ತಿಳಿಸಿ. ಉಳಿದ ಮರಗಳಿಗೂ ಒಂದು ಸಲ ರೇಂಜ್ ಆಫೀಸಿನಲ್ಲಿ ಕೇಳಿಕೊಂಡರೆ ನಿದ್ದೆ ಚೆನ್ನಾಗಿ ಬರುತ್ತದೆ.

ಯಾವ ಮರ?

ಅಡುಗೆಮನೆಯ ಸಾಮಾನಿಗೆ ನನ್ನ ಮೊದಲ ಆಯ್ಕೆ ಹಲಸು. ಉಳಿಗೆ ಚೆನ್ನಾಗಿ ಬಗ್ಗುತ್ತದೆ. ಹೊಸದರಲ್ಲಿ ಅರಿಶಿನದ ಬಣ್ಣ, ಬೆಳಕು ತಾಗಿ ತಾಗಿ ಕಂದು ಆಗುತ್ತದೆ. ಸಿಲ್ವರ್ ಓಕ್ ಎಲ್ಲೆಲ್ಲೂ ಸಿಗುತ್ತದೆ, ಅದರ ಚುಕ್ಕೆ ಚುಕ್ಕೆ ವಿನ್ಯಾಸ ಚೆಂದ. ಆದರೆ ಅದರ ದೂಳಿಗೆ ಕೆಲವರ ಚರ್ಮ ತುರಿಸಿ ಕೆಂಪಾಗುತ್ತದೆ. ಹಾಲುವಾಣ ತೀರಾ ಮೆತ್ತಗೆ, ಬಿಟ್ಟುಬಿಡಿ. ಕಾಡುಗೇರಿನ ಹತ್ತಿರ ಹೋಗಲೇಬೇಡಿ, ಸೊನೆ ತಾಗಿದರೆ ಬೊಬ್ಬೆ ಏಳುತ್ತದೆ.

ಹಳೇ ಕಾಫಿ ಗಿಡದ ಬುಡವೂ ಒಳ್ಳೆಯದು. ಗಟ್ಟಿ, ನುಣುಪು, ತೆಳು ಬಣ್ಣ. ಅಗಲ ಇಲ್ಲದ ಕಾರಣ ಲಟ್ಟಣಿಗೆ, ಹಿಡಿಗಳಿಗಷ್ಟೇ ಸಾಕು. ಬಿಳಿ ಕಾಂಡಕೊರಕ ಬಿದ್ದು ಕಿತ್ತ ಅರೇಬಿಕಾ ಗಿಡವನ್ನು ಮಾತ್ರ ಆಸೆಪಟ್ಟು ಮನೆಗೆ ತರಬೇಡಿ. ಒಳಗಿನ ಹುಳು ಹೊರಬಂದು ಮತ್ತೆ ತೋಟಕ್ಕೇ ಹೋಗುತ್ತದೆ, ಅದನ್ನು ಸುಡುವುದೇ ಸರಿ.

ತುಂಡು ಮಾಡುವುದು

ಎಂಟು ಇಂಚಿನ ಮರಿಗೆ ಬೇಕೆಂದರೆ ಹನ್ನೆರಡು ಇಂಚು ದಪ್ಪದ ದಿಮ್ಮಿ ಹುಡುಕಿ. ಕೊಂಬೆ ಬೇಡ, ಕಾಂಡವೇ ಇರಲಿ. ಕೊಂಬೆಯ ಮರ ಒಣಗುವಾಗ ಹೇಗೆಂದರೆ ಹಾಗೆ ತಿರುಚಿಕೊಳ್ಳುತ್ತದೆ. ಮರಗಸಿಯಲ್ಲಿ, ಅಂದರೆ ತೋಟದ ನೆರಳುಮರಗಳನ್ನು ಸವರುವಾಗ, ಬಿದ್ದ ಕೊಂಬೆಗಳು ಸೌಟಿನ ಹಿಡಿಗೆ ಇರಲಿ.

ದಿಮ್ಮಿಯನ್ನು ಉದ್ದಕ್ಕೆ ಸೀಳಿ, ನಟ್ಟನಡುವಿನ ತಿರುಳಿರುವ ಒಂದು ಇಂಚನ್ನು ತೆಗೆದುಹಾಕಿ. ತಿರುಳು ಉಳಿದರೆ ಅಲ್ಲಿಂದಲೇ ಬಿರುಕು ಹೊರಡುತ್ತದೆ. ತಿರುಳಿನ ಕಡೆ ಮರಿಗೆಯ ಬಾಯಿ, ತೊಗಟೆಯ ಕಡೆ ತಳ. ಅದೇ ದಿನ ಕಡೆಯಲು ಆಗದಿದ್ದರೆ ಕೊಯ್ದ ತುದಿಗಳಿಗೆ ಕರಗಿಸಿದ ಮೇಣ ಬಳಿಯಿರಿ. ನೀರು ಎಲ್ಲಕ್ಕಿಂತ ಬೇಗ ಹೊರಹೋಗುವುದು ಆ ತುದಿಗಳಿಂದಲೇ. ಹಲಸಿನ ಹಣ್ಣು ಬಿಡಿಸುವಾಗ ಮಾಡುವಂತೆ ಕೈಗೆ ತೆಂಗಿನೆಣ್ಣೆ ಹಚ್ಚಿಕೊಂಡು ದಿಮ್ಮಿ ಮುಟ್ಟಿ, ಅಂಟು ಬಿಡಿಸುವ ಗೋಳು ತಪ್ಪುತ್ತದೆ. ಲೇತ್ ಮುಂದೆ ನಿಲ್ಲುವ ಮುಂಚೆ ಮಾತ್ರ ಕೈ ಒರೆಸಿಕೊಳ್ಳಿ, ಉಳಿ ಜಾರಬಾರದು.

ಮೊದಲ ಸಲ ಕಡೆಯುವುದು

ತುಂಡನ್ನು ಫೇಸ್‌ಪ್ಲೇಟಿಗೆ (ಲೇತಿನ ಜೊತೆ ತಿರುಗುವ ಲೋಹದ ತಟ್ಟೆ) ಸ್ಕ್ರೂ ಹಾಕಿ ಬಿಗಿದು, ಸ್ವಿಚ್ ಒತ್ತುವ ಮುಂಚೆ ಕೈಯಿಂದ ಒಂದು ಸುತ್ತು ತಿರುಗಿಸಿ ನೋಡಿ. ಎಲ್ಲೂ ತಾಗಬಾರದು. ಮುಖಕ್ಕೆ ಶೀಲ್ಡ್ ಇರಲಿ. ಶಾಲು, ಸಡಿಲ ತೋಳು, ಬಳೆ, ಗ್ಲೌಸ್ ಯಾವುದೂ ಬೇಡ. ಸಿಕ್ಕಿಕೊಂಡರೆ ಲೇತ್ ಬಿಡುವುದಿಲ್ಲ.

ವೇಗಕ್ಕೆ ಒಂದು ಲೆಕ್ಕ ಇದೆ. ಇಂಚಿನಲ್ಲಿ ಅಗಲ ಗುಣಿಸು ನಿಮಿಷದ ಸುತ್ತು, ಉತ್ತರ 6000ದಿಂದ 9000ದ ಒಳಗಿರಬೇಕು. ಎಂಟು ಇಂಚಿಗೆ 750ರಿಂದ 1100. ಆದರೆ ತುಂಡು ಇನ್ನೂ ಗುಂಡಗಾಗದೆ ಅಲುಗಾಡುತ್ತಿರುವಾಗ 400ರಲ್ಲಿ ಶುರುಮಾಡಿ.

ಉಳಿಯ ಮಸೆದ ಓರೆಯನ್ನು ಮೊದಲು ಮರಕ್ಕೆ ತಾಗಿಸಿ, ಆಮೇಲೆ ಹಿಡಿಯನ್ನು ಮೆಲ್ಲಗೆ ಎತ್ತಿದರೆ ಅಂಚು ತಾನಾಗಿ ಕೊಯ್ಯುತ್ತದೆ. ಹೊರಗಡೆ ತಳದಿಂದ ಬಾಯಿಯ ಕಡೆಗೆ, ಒಳಗಡೆ ಬಾಯಿಯಿಂದ ನಡುವಿಗೆ. ತಳದಲ್ಲಿ ಚಕ್ (ತುಂಡನ್ನು ಕಚ್ಚಿ ಹಿಡಿಯುವ ಲೇತಿನ ಭಾಗ) ಹಿಡಿಯಲು ಎರಡು ಇಂಚಿನ ಗುಂಡಗಿನ ಗೂಟ ಬಿಡಿ, ತುಂಡನ್ನು ತಿರುಗಿಸಿ ಅದರಲ್ಲಿ ಹಿಡಿದು ಒಳಗೆ ಕೊರೆಯಿರಿ. ಗೋಡೆಯ ದಪ್ಪ ಅಗಲದ ಹತ್ತನೇ ಒಂದು ಭಾಗ ಇರಲಿ, ಅಂದರೆ ಮುಕ್ಕಾಲರಿಂದ ಒಂದು ಇಂಚು. ಇಲ್ಲಿಗೆ ನಿಲ್ಲಿಸಬೇಕು. ಹಸಿ ಮರದಲ್ಲಿ ಪೂರ್ತಿ ತೆಳ್ಳಗೆ ಕಡೆದು ಮುಗಿಸೋಣ ಅನ್ನಿಸುತ್ತದೆ, ಅಲ್ವಾ? ಆಮೇಲೆ ಅದು ಕೋಳಿಮೊಟ್ಟೆಯ ಆಕಾರಕ್ಕೆ ತಿರುಗುತ್ತದೆ. ಮರ ಬೆಳವಣಿಗೆಯ ಉಂಗುರಗಳ ಗುಂಟ ಕುಗ್ಗುವುದು, ಉಂಗುರಗಳಿಗೆ ಅಡ್ಡಲಾಗಿ ಕುಗ್ಗುವುದರ ಸುಮಾರು ಎರಡರಷ್ಟು.

ಒಣಗಿಸುವುದು

ಒರಟು ಮರಿಗೆಯ ಹೊರಗಡೆಗೆ ಮೇಣ ಬಳಿದು, ಪೇಪರ್ ಚೀಲದಲ್ಲಿಟ್ಟು ಗಾಳಿ ಸುಳಿಯದ ಮೂಲೆಯಲ್ಲಿಡಿ. ಬಯಲುಸೀಮೆಯವರು ಮರದ ಸಿಪ್ಪೆಯನ್ನೂ ಜೊತೆಗೆ ತುಂಬುತ್ತಾರೆ. ಇಲ್ಲಿ ಮಳೆಗಾಲದಲ್ಲಿ ಹಾಗೆ ಮಾಡಿದರೆ ವಾರದೊಳಗೆ ಬೂಷ್ಟು. ಸಿಪ್ಪೆ ಬೇಡ, ಹಳೇ ನ್ಯೂಸ್‌ಪೇಪರ್ ಸುತ್ತಿ, ತೇವವಾದಾಗಲೆಲ್ಲ ಬದಲಿಸಿ. ಒಲೆಯ ಮೇಲಿನ ಅಟ್ಟ ಒಳ್ಳೆಯ ಜಾಗವೇ, ಆದರೆ ಮೊದಲ ತಿಂಗಳು ಕಳೆದ ಮೇಲೆ. ಹಸಿ ಮರಕ್ಕೆ ಏಕಾಏಕಿ ಬಿಸಿ ತಾಗಿದರೆ ಬಾಯಿ ಬಿಡುತ್ತದೆ.

ವಾರಕ್ಕೊಮ್ಮೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ತಾರೀಖಿನ ಜೊತೆ ತೂಕವನ್ನು ಪೆನ್ಸಿಲಿನಲ್ಲಿ ಮರಿಗೆಯ ಮೇಲೇ ಬರೆಯಿರಿ. ಮೊದಮೊದಲು ತೂಕ ಬೇಗ ಇಳಿಯುತ್ತದೆ, ಆಮೇಲೆ ನಿಧಾನ. ಮಳೆಗಾಲದಲ್ಲಿ ತೂಕ ನಿಂತರೆ ನಂಬಬೇಡಿ, ಅದು ಒಣಗಿದ್ದಲ್ಲ, ಹೊರಗಿನ ಗಾಳಿಯ ತೇವಕ್ಕೆ ತಡೆದು ನಿಂತದ್ದು. ಜನವರಿ, ಫೆಬ್ರವರಿಯ ಬಿಸಿಲಿನ ದಿನಗಳಲ್ಲಿ ಮೂರ್ನಾಲ್ಕು ವಾರ ಒಂದೇ ತೂಕ ತೋರಿಸಿದರೆ ಅದು ನಿಜ. ಕುಶಾಲನಗರದ ಕಡೆ ಮಳೆ ಕಡಿಮೆ, ಅಲ್ಲಿಯವರಿಗೆ ಈ ಕಾಯುವಿಕೆ ಸ್ವಲ್ಪ ಚಿಕ್ಕದು. ಅಷ್ಟರವರೆಗೆ ಕಾಫಿ ಬುಡದಲ್ಲಿ ಹಿಡಿಗಳನ್ನು ಕಡೆಯುತ್ತಾ ಕೈ ಪಳಗಿಸಿಕೊಳ್ಳಿ.

ಎರಡನೇ ಸಲ

ತಳದ ಗೂಟವೂ ಈಗ ಸೊಟ್ಟಗಾಗಿರುತ್ತದೆ. ಮೊದಲು ಅದನ್ನು ಗುಂಡಗೆ ಮಾಡಿ, ಆಮೇಲೆ ಚಕ್‌ಗೆ ಹಾಕಿ. ಗೋಡೆಯನ್ನು ಕಾಲು ಇಂಚಿಗಿಂತ ತುಸು ದಪ್ಪಕ್ಕೆ ಇಳಿಸಿ. ಮರಳು ಕಾಗದ 120ರಿಂದ ಶುರುಮಾಡಿ 320ರವರೆಗೆ ಸಾಕು. ದೂಳಿಗೆ ಮಾಸ್ಕ್ ಹಾಕಿ.

ಹೊರಗಡೆಗೆ ತಿನ್ನುವ ಅಗಸೆ ಎಣ್ಣೆ ತೆಳ್ಳಗೆ ಹಚ್ಚಿ ಒರೆಸಿ, ಪೂರ್ತಿ ಒಣಗಿದ ಮೇಲೆ ಜೇನುಮೇಣ ಉಜ್ಜಿ. ಪೇಂಟ್ ಅಂಗಡಿಯ ಕುದಿಸಿದ ಅಗಸೆ ಎಣ್ಣೆಯಲ್ಲಿ ಬೇಗ ಒಣಗಿಸುವ ಲೋಹದ ರಾಸಾಯನಿಕ ಇರಬಹುದು, ಅದು ಬೇಡ. ತೆಂಗಿನೆಣ್ಣೆ ಗಟ್ಟಿಯಾಗಿ ಕೂರುವುದಿಲ್ಲ. ಉಪ್ಪಿನ ಮರಿಗೆಯ ಒಳಗೆ ಏನೂ ಹಚ್ಚದಿರುವುದೇ ವಾಸಿ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದುಡಿ ಮೂಲೆಗೆ ಎಸೆಯಬೇಡಿ, ತಾನಾಗಿ ಬಿಸಿಯಾಗಿ ಬೆಂಕಿ ಹತ್ತಬಹುದು. ಹೊರಗೆ ತಂತಿಯ ಮೇಲೆ ಬಿಡಿಸಿ ಒಣಹಾಕಿ.