ದೊರೆಗಿಂತ ಮೊದಲು ಅವನ ಸುಂಕ ಬಂತು: ಆಟದ ಲೋಕಕ್ಕೆ ಪೀಟರ್ ದಿ ಗ್ರೇಟ್‌ನನ್ನು ತಂದ ನನ್ನ ಅನುಭವ

ಡಿ ಅಂಡ್ ಡಿ (ಡಂಜನ್ಸ್ ಅಂಡ್ ಡ್ರ್ಯಾಗನ್ಸ್) ಅಂದರೆ ಒಬ್ಬರು ಕಥೆ ನಡೆಸಿ, ಉಳಿದವರು ಪಾತ್ರಗಳಾಗಿ ಡೈಸ್ ಉರುಳಿಸಿ ಆಡುವ ಆಟ. ಕಥೆ ನಡೆಸುವವನು ನಾನು. ನಮ್ಮ ಭಾನುವಾರದ ಡಿ ಅಂಡ್ ಡಿ ಟೇಬಲ್‌ಗೆ ರಷ್ಯಾದ ದೊರೆ ಪೀಟರ್ ದಿ ಗ್ರೇಟ್‌ನನ್ನು ತರುತ್ತೇನೆ ಅಂದಾಗ ಆರು ಜನರಲ್ಲಿ ಐವರು ಬೇಡ ಅಂದಿದ್ದರು. "ಇತಿಹಾಸದ ಪಾಠ ಬೇಡ ಮಾರಾಯಾ" ಅಂತ. ಈಗ ಒಂಬತ್ತು ತಿಂಗಳಾಗಿದೆ. ಅದೇ ಐವರು ಶನಿವಾರ ರಾತ್ರಿ ಮೆಸೇಜ್ ಹಾಕಿ "ನಾಳೆ ದೊರೆ ಬರ್ತಾನಾ?" ಅಂತ ಕೇಳುತ್ತಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಎರಡು ಸಲ ಕೆಟ್ಟಿತು. ಮೊದಲನೇ ಸಲ ಅವನನ್ನು ಸಿಂಹಾಸನದ ಮೇಲೆ ಕೂರಿಸಿ, ಕಿರೀಟ ಕೊಟ್ಟು, ದೊಡ್ಡ ದೊಡ್ಡ ಮಂತ್ರಗಳನ್ನೂ ಕೊಟ್ಟೆ. ಪಾರ್ಟಿ, ಅಂದರೆ ಆಟಗಾರರ ಪಾತ್ರಗಳ ತಂಡ, ಅವನನ್ನು ಇಪ್ಪತ್ತು ನಿಮಿಷದಲ್ಲಿ ಮುಗಿಸಿತು. ಎರಡನೇ ಸಲ ನಾಲ್ಕು ಪುಟದ ಹ್ಯಾಂಡ್‌ಔಟ್ ಹಂಚಿದೆ. ಸ್ವೀಡನ್ ಎದುರು 1700ರ ನಾರ್ವಾ ಸೋಲು, 1703ರಲ್ಲಿ ಕಟ್ಟಲು ಶುರುಮಾಡಿದ ಸೇಂಟ್ ಪೀಟರ್ಸ್‌ಬರ್ಗ್, ಅದೇ ಸ್ವೀಡನ್ ಎದುರು 1709ರ ಪೊಲ್ಟಾವಾ ಗೆಲುವು, ಎಲ್ಲ ಇತ್ತು. ಒಬ್ಬರೂ ಓದಲಿಲ್ಲ. ಅದರ ಮೇಲೆ ಚಹಾ ಕಪ್ ಇಟ್ಟರು.

ಮೂರನೇ ಸಲ ದೊರೆಯನ್ನು ತೋರಿಸಲೇ ಇಲ್ಲ. ಅವನ ಸುಂಕವನ್ನು ಮಾತ್ರ ತಂದೆ.

1698ರಲ್ಲಿ ಯುರೋಪಿನಿಂದ ಮರಳಿದ ಪೀಟರ್ ತನ್ನ ಸಾಮಂತರ ಗಡ್ಡವನ್ನು ತಾನೇ ಕತ್ತರಿಸಿದ್ದು ನಿಮಗೆ ಗೊತ್ತಿರುತ್ತೆ. ಆಮೇಲೆ ಗಡ್ಡ ಬೇಕು ಅನ್ನುವವರಿಗೆ ತೆರಿಗೆ ಬಂತು. ಶ್ರೀಮಂತ ವರ್ತಕರಿಗೆ ವರ್ಷಕ್ಕೆ 100 ರೂಬಲ್. ಹಳ್ಳಿಯ ರೈತ ಊರ ಬಾಗಿಲು ದಾಟುವಾಗ ಚಿಲ್ಲರೆ ಕಾಸು ಕೊಟ್ಟರೆ ಸಾಕು. ಇನ್ನು ನಮ್ಮ ಪಾರ್ಟಿಯಲ್ಲಿ ಇಬ್ಬರು ಡ್ವಾರ್ಫ್‌ಗಳಿದ್ದಾರೆ, ಗಿಡ್ಡ ಮೈಯ ಗಡ್ಡಧಾರಿ ಕುಲದವರು. ಡ್ವಾರ್ಫ್‌ಗೆ ಗಡ್ಡ ಅಂದರೆ ಮಾನ, ಅಲ್ವಾ? ಸುಂಕದಕಟ್ಟೆಯಲ್ಲಿ ಕಾವಲುಗಾರ "ಕಾಸು ಇಡಿ, ಇಲ್ಲಾಂದ್ರೆ ಕತ್ತರಿಗೆ ಗಡ್ಡ ಕೊಡಿ" ಅಂದ. ಒಬ್ಬ ಆಟಗಾರ ಕುರ್ಚಿಯಿಂದ ಎದ್ದೇ ನಿಂತ. ಒಂದೂವರೆ ಗಂಟೆ ಜಗಳ. ಒಂದು ಡೈಸ್ ಕೂಡ ಉರುಳಲಿಲ್ಲ. ನಾನು ನಡೆಸಿದ ಸೆಷನ್‌ಗಳಲ್ಲಿ ಅದೇ ಅತ್ಯುತ್ತಮ ಅಂತ ಧೈರ್ಯವಾಗಿ ಹೇಳುತ್ತೇನೆ.

ತೆರಿಗೆ ಕಟ್ಟಿದವರಿಗೆ ಟೋಕನ್ ಕೊಡಬೇಕಿತ್ತು. 1705ರ ಅಸಲಿ ಟೋಕನ್ ತಾಮ್ರದ್ದು. ಅದರ ಮೇಲೆ ಮೂಗು, ಮೀಸೆ, ಗಡ್ಡದ ಚಿತ್ರ, ಜೊತೆಗೆ "ಹಣ ಪಡೆಯಲಾಗಿದೆ" ಅನ್ನುವ ರಷ್ಯನ್ ಮಾತು. ಪ್ಲಾಸ್ಟಿಕ್ ಸಾಕು ಅಂದರು ಗೆಳೆಯರು. ಸಾಲದು. ಕೈಯಲ್ಲಿ ತಣ್ಣಗೆ ಕೂರಬೇಕು. ತಾಮ್ರದ ಶೀಟ್ ತಂದು, ಲೇಸರ್ ಪ್ರಿಂಟ್ ತೆಗೆದ ಚಿತ್ರದ ಟೋನರ್ ಅನ್ನು ಇಸ್ತ್ರಿಪೆಟ್ಟಿಗೆಯಿಂದ ಅದಕ್ಕೆ ಅಂಟಿಸಿ, ತಾಮ್ರ ಕರಗಿಸುವ ಫೆರಿಕ್ ಕ್ಲೋರೈಡ್‌ನಲ್ಲಿ ಬಿಟ್ಟೆ. ಮೊದಲ ಹನ್ನೆರಡನ್ನು ಸುಮಾರು ಮುಕ್ಕಾಲು ಗಂಟೆ ಬಿಟ್ಟಿದ್ದೇ ತಪ್ಪು. ಮೂಗು ಮೀಸೆ ಉಳಿದವು, ಗಡ್ಡದ ಸಣ್ಣ ಗೆರೆಗಳು ಕರಗಿಹೋದವು. ಆಮೇಲೆ ಡಬ್ಬಿಯನ್ನು ಬಿಸಿನೀರಲ್ಲಿ ಇಟ್ಟು, ಅಲುಗಿಸುತ್ತಾ, ಇಪ್ಪತ್ತು ನಿಮಿಷಕ್ಕೇ ತೆಗೆದೆ. ಒಂದೊಂದು ಕೂದಲೂ ಕಂಡಿತು. ಮೂವತ್ತು ಟೋಕನ್‌ಗೆ ಸಾವಿರದ ಮುನ್ನೂರು ರೂಪಾಯಿ ಆಗಿರಬಹುದು. ಹಳೇ ಕಾಸಿನಂತೆ ಕಪ್ಪು ಹಿಡಿಸಲು ಅಡುಗೆಮನೆಯ ಒಂದು ವಸ್ತು ಬಳಸಿದೆ. ಅದು ಯಾವುದು ಅಂತ ಹೇಳಲ್ಲ.

ಆಮೇಲೆ ದೊರೆ ಬಂದ. ಬಂದಿದ್ದು ಬಡಗಿಯಾಗಿ. 1697ರಲ್ಲಿ ಪೀಟರ್ "ಪ್ಯೋತ್ರ್ ಮಿಖಾಯಿಲೊವ್" ಅನ್ನುವ ಹೆಸರಲ್ಲಿ ಹಾಲೆಂಡಿಗೆ ಹೋಗಿ ಹಡಗು ಕಟ್ಟುವ ಕೆಲಸ ಕಲಿತ. ಜಾಂಡಮ್‌ನಲ್ಲಿ ಜನ ಬೇಗ ಗುರುತು ಹಿಡಿದು ಮುತ್ತಿದರು. ಒಂದು ವಾರಕ್ಕೇ ಆಮ್‌ಸ್ಟರ್‌ಡಾಮ್‌ಗೆ ಹೊರಟ. ನನ್ನ ಲೋಕದಲ್ಲಿ ನೀರಿನ ಕಡಲಿಲ್ಲ, ಮಂಜಿನ ಕಡಲಿದೆ. ಅದರ ಮೇಲೆ ತೇಲುವ ಹಡಗು ಕಟ್ಟುವ ಅಂಗಳದಲ್ಲಿ ಪಾರ್ಟಿ ಮೂರು ಸೆಷನ್ ಅವನ ಕೈಕೆಳಗೆ ದುಡಿಯಿತು. ಎರಡು ಮೀಟರ್ ಎತ್ತರ, ದಡ್ಡುಗಟ್ಟಿದ ಅಂಗೈ, ಆಗಾಗ ಅದುರುವ ಕೆನ್ನೆ. ಸುಳಿವು ಇಷ್ಟೇ. ಗುಟ್ಟು ಹೇಗೆ ಬಿಚ್ಚಿದೆ ಅನ್ನುವುದನ್ನು ಇಲ್ಲಿ ಬರೆಯಲ್ಲ, ಇನ್ನೊಂದು ಟೇಬಲ್‌ಗೆ ಅದು ಬೇಕು.

ಜಾಸ್ತಿ ದುಡ್ಡು ತಿಂದಿದ್ದು ಮಿನಿ, ಅಂದರೆ ಟೇಬಲ್ ಮೇಲೆ ಇಡುವ ಪೀಟರ್‌ನ ಪುಟ್ಟ ಗೊಂಬೆ. ಪೀಟರ್ ಎತ್ತರದ ಆಳು, ಆದರೆ ಭುಜ ಕಿರಿದು, ಪಾದ ಚಿಕ್ಕದು. 28 ಮಿಲಿಮೀಟರ್ ಸ್ಕೇಲ್‌ನಲ್ಲಿ ಹಾಗೇ ಮಾಡಿದರೆ ಕಣಕಾಲು ಹುಲ್ಲುಕಡ್ಡಿಯಷ್ಟು ಸಣ್ಣ. ಮೂರು 3ಡಿ ಪ್ರಿಂಟ್ ಅಲ್ಲೇ ಮುರಿದವು. ಅಂಗಡಿಯವರು ಪಾದ ದಪ್ಪ ಮಾಡಿ ಅಂದರು. ನಾನು ಒಪ್ಪಲಿಲ್ಲ, ಹಾಗೆ ಮಾಡಿದರೆ ಅದು ಪೀಟರ್ ಅಲ್ಲ. ಕೊನೆಗೆ ಕಾಲಿನೊಳಗೆ 0.6 ಮಿಲಿಮೀಟರ್ ತೂತು ಕೊರೆದು ಗಿಟಾರ್ ತಂತಿ ತೂರಿಸಿ ಬೇಸ್‌ಗೆ ಕೂರಿಸಿದೆ. ಇವತ್ತಿಗೂ ಅಲುಗಿಲ್ಲ. ಮುಖಕ್ಕೆ ಸೇಂಟ್ ಪೀಟರ್ಸ್‌ಬರ್ಗ್‌ನ ಹರ್ಮಿಟೇಜ್ ಮ್ಯೂಸಿಯಂನಲ್ಲಿರುವ, ಶಿಲ್ಪಿ ರಾಸ್ಟ್ರೆಲ್ಲಿ ಮಾಡಿದ ಪೀಟರ್‌ನ ಮೇಣದ ಪ್ರತಿಮೆಯ ಫೋಟೋಗಳನ್ನು ನೋಡಿಕೊಂಡೆ. ಅದರ ವಿಗ್‌ಗೆ ಪೀಟರ್‌ನದೇ ಕೂದಲು. ಮಿನಿ ಒಂದಕ್ಕೇ ನಾಲ್ಕು ಸಾವಿರ ದಾಟಿತು.

ನಡುವೆ ಸುಮ್ನೆ ಪೀಟರ್‌ನ ಬದುಕಿನ ಇನ್ನೊಂದೆರಡು ಸಂಗತಿಗಳನ್ನು ಆಟಕ್ಕೆ ತಂದು ನೋಡಿದೆ. ನಾರ್ವಾದಲ್ಲಿ ಫಿರಂಗಿ ಕಳಕೊಂಡ ಪೀಟರ್ ಚರ್ಚಿನ ಗಂಟೆಗಳನ್ನು ಕರಗಿಸಿ ಹೊಸ ಫಿರಂಗಿ ಎರಕ ಹಾಕಿಸಿದ್ದ. ನನ್ನ ಲೋಕದಲ್ಲಿ ಗಂಟೆ ಕರಗಿದರೆ ಆ ಊರಿನ ಕ್ಲೆರಿಕ್‌ಗೆ, ಅಂದರೆ ಪೂಜಾರಿ ಪಾತ್ರಕ್ಕೆ, ಗಾಯ ಮಾಯಿಸುವ ಶಕ್ತಿ ಸಿಗಲ್ಲ. ಇದು ಚೆನ್ನಾಗಿ ಕೂತಿತು. ಹಲ್ಲು ಕೀಳುವುದು ಕೂರಲಿಲ್ಲ. ಅವನಿಗೆ ಅದರ ಹುಚ್ಚಿತ್ತು, ಅವನು ಕಿತ್ತ ಹಲ್ಲುಗಳು ಈಗಲೂ ಸೇಂಟ್ ಪೀಟರ್ಸ್‌ಬರ್ಗ್‌ನ ಕುನ್ಸ್ಟ್‌ಕಾಮೆರಾ ಮ್ಯೂಸಿಯಂನಲ್ಲಿವೆ. ಟೇಬಲ್‌ನಲ್ಲಿ ಒಬ್ಬಳಿಗೆ ಅದು ಅಸಹ್ಯವಾಯಿತು. ಅಲ್ಲಿಗೇ ಬಿಟ್ಟೆ.

ಈಗ ಬರುತ್ತಿರುವುದು ಅಲೆಕ್ಸಿಯ ಭಾಗ. ಮಗ ಅಲೆಕ್ಸಿ 1716ರಲ್ಲಿ ಅಪ್ಪನಿಗೆ ಹೆದರಿ ವಿಯೆನ್ನಾದಲ್ಲಿದ್ದ ಪವಿತ್ರ ರೋಮನ್ ಚಕ್ರವರ್ತಿಯ ಆಸರೆಗೆ ಓಡಿಹೋದ. ಕ್ಷಮಿಸುತ್ತೇನೆ ಅಂತ ಮಾತು ಕೊಟ್ಟು ನೇಪಲ್ಸ್‌ನಿಂದ ಕರೆಸಿಕೊಂಡರು. 1718ರಲ್ಲಿ ಅವನು ಕೋಟೆಯ ಸೆರೆಯಲ್ಲಿ ಸತ್ತ. ನನ್ನ ಆಟಗಾರರು ಆ ಬಡಗಿಯನ್ನು ಪ್ರೀತಿಸತೊಡಗಿದ್ದಾರೆ, ಅದೇ ನನಗೆ ಭಾರ. ಮಗನನ್ನು ಕರೆತನ್ನಿ ಅನ್ನುವ ಅವನ ಪತ್ರವನ್ನು ಅರಗಿನ ಮುದ್ರೆ ಒತ್ತಿ ಡೈಸ್ ಡಬ್ಬಿಯಲ್ಲಿ ಇಟ್ಟಿದ್ದೇನೆ. ಈ ಭಾನುವಾರ ಅದನ್ನು ಡ್ವಾರ್ಫ್‌ನ ಕೈಗೇ ಕೊಡುತ್ತೇನೆ.