ಫೌಜಿಗಳು ಬಾಯಿ ಬಿಡುತ್ತಾರೆ: ಬೀದರಿನಲ್ಲಿ ನನ್ನ ಅನುಭವ

ಫೌಜಿ ಮಂದಿ ಮನಸ್ಸಿನ ಮಾತು ಹೇಳಲ್ಲ, ಅವರಿಗೆ ಸ್ಕ್ರೀನಿಂಗ್ (ಪ್ರಶ್ನೆ ಕೇಳಿ ಮನಸ್ಸಿನ ತೊಂದರೆ ಇದ್ದವರನ್ನು ಗುರುತಿಸೋದು) ಮಾಡೋದು ದಂಡ ಅಂತ ನನಗೆ ಹೇಳಿದವರು ಒಬ್ಬಿಬ್ಬರಲ್ಲ. ಮನೋವೈದ್ಯರು ಹೇಳಿದರು. ಮಾಜಿ ಸೈನಿಕರ ಸಂಘದ ಹಿರಿಯರೂ ಹೇಳಿದರು. ಕೌನ್ಸೆಲಿಂಗ್ ಡಿಪ್ಲೊಮಾ ನನ್ನ ಜೊತೆಗೇ ಓದಿದವರು ನಕ್ಕರು. ಈಗ ಬೀದರ್, ಭಾಲ್ಕಿ, ಔರಾದ್ ಕಡೆಯ ನಿವೃತ್ತ ಸೈನಿಕರು, ರಜೆಗೆ ಬಂದ ಜವಾನರು ಎಲ್ಲಾ ಸೇರಿ ಆರೇಳು ನೂರು ಜನರನ್ನು ಎದುರಿಗೆ ಕೂರಿಸಿಕೊಂಡು ಕೇಳಿದ್ದೇನೆ. ಹೇಳುತ್ತಾರೆ. ಆತ್ಮಹತ್ಯೆಯ ಯೋಚನೆ ಬಂದಿದ್ದನ್ನೂ ಹೇಳುತ್ತಾರೆ. ನಾನೂ ಆರ್ಮಿ ಮೆಡಿಕಲ್ ಕೋರ್‌ನಲ್ಲಿ ನರ್ಸಿಂಗ್ ಅಸಿಸ್ಟೆಂಟ್ ಆಗಿದ್ದವನು, ಅದರಿಂದ ಸ್ವಲ್ಪ ಅನುಕೂಲ ಆಯಿತು ನಿಜ. ಆದರೆ ಕೆಲಸ ಆಗಿದ್ದು ಬರೀ ಅದರಿಂದ ಅಲ್ಲ.

ಪಿಎಚ್‌ಕ್ಯೂ-9 (ಖಿನ್ನತೆ ಅಳೆಯುವ ಒಂಬತ್ತು ಪ್ರಶ್ನೆ), ಆಡಿಟ್ (ಕುಡಿತದ ಬಗ್ಗೆ), ಕೊಲಂಬಿಯಾ (ಆತ್ಮಹತ್ಯೆಯ ಅಪಾಯದ ಬಗ್ಗೆ) ಪ್ರಶ್ನೆಗಳು ಈ ಕೆಲಸ ಮಾಡುವವರಿಗೆಲ್ಲ ಗೊತ್ತಿರುವಂಥವೇ. ಅವುಗಳ ಬಗ್ಗೆ ಬರೆಯುವುದಿಲ್ಲ.

ಶುರುವಿನಲ್ಲಿ ಎಲ್ಲರೂ ಮಾಡುವುದನ್ನೇ ಮಾಡಿದೆವು. ಸಂಘದ ಮೀಟಿಂಗಿನಲ್ಲಿ ಫಾರ್ಮ್ ಹಂಚಿದೆವು. ಮೇಲೆ ಹೆಸರು, ರ‍್ಯಾಂಕ್, ಮೊಬೈಲ್ ನಂಬರ್. ಕೆಳಗೆ ಪ್ರಶ್ನೆ. ಪ್ರಿಂಟು, ಪೆನ್ನು, ಊಟ ಸೇರಿ ಹತ್ತು ಹನ್ನೆರಡು ಸಾವಿರ ಖರ್ಚು. ವಾಪಸ್ ಬಂದ ಹೆಚ್ಚಿನ ಫಾರ್ಮ್‌ಗಳಲ್ಲಿ ಮೇಲಿಂದ ಕೆಳಗೆ ಒಂದೇ ಗೆರೆ, ಎಲ್ಲಾ ಸೊನ್ನೆ. ಸಾವಿನ ಯೋಚನೆ ಕೇಳುವ ಒಂಬತ್ತನೇ ಪ್ರಶ್ನೆಯನ್ನು ಅರ್ಧ ಜನ ಮುಟ್ಟಿಯೇ ಇರಲಿಲ್ಲ.

ಇದಕ್ಕೆ ಕಾರಣ ಇದೆ. ಸೈನ್ಯದಲ್ಲಿ ಪ್ರತಿಯೊಬ್ಬನಿಗೂ ಶೇಪ್ ಅಂತ ಮೆಡಿಕಲ್ ಕ್ಯಾಟಗರಿ ಇರುತ್ತೆ. ಅದರ ಮೊದಲ ಅಕ್ಷರ ಎಸ್, ಅಂದರೆ ಮನಸ್ಸಿನ ಆರೋಗ್ಯ. ಎಸ್-1 ಇದ್ದವನು ಎಸ್-2, ಎಸ್-3 ಆದರೆ ಪ್ರಮೋಷನ್, ಕೋರ್ಸ್, ಪೋಸ್ಟಿಂಗ್ ಎಲ್ಲಕ್ಕೂ ಪೆಟ್ಟು ಬೀಳುತ್ತೆ ಅನ್ನೋ ಭಯ. ಇಪ್ಪತ್ತು ವರ್ಷ ಆ ಭಯದಲ್ಲಿ ದುಡಿದವನು ನಿವೃತ್ತಿ ಆದ ಮೇಲೂ ಹೆಸರಿನ ಕೆಳಗೆ ‘ಹೌದು’ ಅಂತ ಟಿಕ್ ಹಾಕಲ್ಲ. ಪಿಂಚಣಿಗೆ ಏನಾದರೂ ಆದೀತು ಅಂತ ಅಂಜುತ್ತಾನೆ.

ಆಮೇಲೆ ಟ್ಯಾಬ್ ಬಂತು. ಒಬ್ಬ ದಾನಿಗಳು ಕೊಟ್ಟ ದುಡ್ಡಲ್ಲಿ ಮೂರು ಟ್ಯಾಬ್, ಜೊತೆಗೆ ಕನ್ನಡದಲ್ಲಿ ಆ್ಯಪ್ ಮಾಡಿಸಿದ ಖರ್ಚು. ಅರವತ್ತೆಪ್ಪತ್ತು ಸಾವಿರ ಕರಗಿತು. ಕಾಗದಕ್ಕಿಂತ ಟ್ಯಾಬ್‌ನಲ್ಲಿ ಗುಟ್ಟು ಜಾಸ್ತಿ ಉಳಿಯುತ್ತೆ ಅಂತ ಲೆಕ್ಕ ಹಾಕಿದ್ದೆವು. ಆಗಿದ್ದು ಬೇರೆ. ಕನ್ನಡಕ ಮನೆಯಲ್ಲಿ ಬಿಟ್ಟು ಬಂದ ಸುಬೇದಾರ್ ಸಾಹೇಬರು ಟ್ಯಾಬನ್ನು ಮಗನ ಕೈಗೆ ಕೊಟ್ಟರು. ಕಾಲೇಜಿಗೆ ಹೋಗುವ ಹುಡುಗ ಸಾವಿನ ಪ್ರಶ್ನೆಯನ್ನು ಎಲ್ಲರ ಎದುರು ಜೋರಾಗಿ ಓದಿದ. ಅಪ್ಪ ಎದ್ದು ಹೊರಗೆ ಹೋದರು. ಆ ಟ್ಯಾಬ್‌ಗಳಲ್ಲಿ ಈಗ ಸ್ಪರ್ಶ್ ಅನ್ನುವ ಸೇನಾ ಪಿಂಚಣಿ ಪೋರ್ಟಲಿನ ಕೆಲಸ ಮಾಡುತ್ತೇವೆ. ಅದಕ್ಕೆ ಚೆನ್ನಾಗಿವೆ.

ನಡುವೆ ಒಂದು ಸಣ್ಣ ಪ್ರಯೋಗ ಮಾಡಿದೆ. 2011ರಲ್ಲಿ ಬಂದ ಅಮೆರಿಕದ ಒಂದು ಅಧ್ಯಯನ ಓದಿದ್ದೆ. ಇರಾಕಿನಿಂದ ಮರಳಿದ ಸೈನಿಕರಿಗೆ ಒಮ್ಮೆ ಹೆಸರು ಹಾಕಿಸಿ, ಒಮ್ಮೆ ಹೆಸರಿಲ್ಲದೆ ಅವೇ ಪ್ರಶ್ನೆ ಕೇಳಿದ್ದರು. ಹೆಸರಿಲ್ಲದಾಗ ತೊಂದರೆ ಹೇಳಿಕೊಂಡವರು ಎರಡರಿಂದ ನಾಲ್ಕು ಪಟ್ಟು ಜಾಸ್ತಿ. ನಾನು ಬಾಯಿ ಸಣ್ಣದಿರುವ ಒಂದು ಗಡಿಗೆ ತಂದೆ. ಪಕ್ಕದಲ್ಲಿ ಎರಡು ಬಟ್ಟಲು: ಒಂದರಲ್ಲಿ ತೊಗರಿ ಕಾಳು, ಇನ್ನೊಂದರಲ್ಲಿ ಜೋಳ. ಪರದೆ ಹಿಂದೆ ಒಬ್ಬೊಬ್ಬರೇ ಹೋಗಬೇಕು. ಈ ವರ್ಷ ಬದುಕು ಸಾಕು ಅನಿಸಿದ್ದರೆ ತೊಗರಿ ಹಾಕಿ, ಇಲ್ಲದಿದ್ದರೆ ಜೋಳ. ಹೆಸರಿದ್ದ ಫಾರ್ಮ್‌ನಲ್ಲಿ ಹೌದು ಅಂದವರು ನೂರಕ್ಕೆ ಒಬ್ಬರೋ ಇಬ್ಬರೋ ಇದ್ದರು. ಗಡಿಗೆ ಸುರಿದಾಗ ನೂರಕ್ಕೆ ಹತ್ತು ಹನ್ನೆರಡು ತೊಗರಿ ಕಾಳು. ಸಂಘದ ಅಧ್ಯಕ್ಷರು ಮೇಜಿನ ಮೇಲೆ ಬೆರಳಿನಿಂದ ಕಾಳು ಬೇರೆ ಮಾಡಿ ತಾವೇ ಎಣಿಸಿದರು, ಮತ್ತೊಮ್ಮೆ ಎಣಿಸಿದರು. ಮರುವಾರ ದುಡ್ಡು ಮಂಜೂರಾಯಿತು.

ಗಡಿಗೆಯಿಂದ ಯಾರಿಗೂ ಚಿಕಿತ್ಸೆ ಸಿಗಲ್ಲ, ಯಾರ ಕಾಳು ಅಂತ ಗೊತ್ತಾಗಲ್ಲವಲ್ಲ. ಆದರೆ ನಮ್ಮಲ್ಲಿ ಅಂಥದ್ದೇನೂ ಇಲ್ಲ ಅನ್ನೋ ವಾದ ಅಲ್ಲಿಗೆ ಮುಗಿಯಿತು.

ಪರಿಚಯದ ಮನೋವೈದ್ಯರೊಬ್ಬರು ಬ್ರಿಟನ್ನಿನ ಅಧ್ಯಯನ ಮುಂದಿಟ್ಟರು. ಅದು 2017ರಲ್ಲಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಬಂದದ್ದು. ಅಫ್ಘಾನಿಸ್ತಾನದಿಂದ ಮರಳಿದ ಸುಮಾರು ಹತ್ತು ಸಾವಿರ ಸೈನಿಕರ ಮೇಲೆ ಮಾಡಿದ ದೊಡ್ಡ ಪ್ರಯೋಗ. ಸ್ಕ್ರೀನಿಂಗ್ ಮಾಡಿದವರಿಗೂ ಮಾಡದವರಿಗೂ ಕೊನೆಗೆ ಫರಕ್ ಕಾಣಲಿಲ್ಲ. ‘ಅವರ ಕೈಲೇ ಆಗದ್ದು ನಿಮ್ಮಿಂದ ಆಗುತ್ತಾ’ ಅಂತ ಕೇಳಿದರು. ನಾನು ಅದನ್ನು ಕೂತು ಓದಿದೆ. ಅಲ್ಲಿ ಸೈನಿಕ ಕಂಪ್ಯೂಟರ್ ಮುಂದೆ ಉತ್ತರ ಕೊಡುತ್ತಾನೆ, ಕಂಪ್ಯೂಟರ್ ಇಂಥ ಕಡೆ ಸಹಾಯ ಪಡೆಯಿರಿ ಅಂತ ಸಲಹೆ ಕೊಡುತ್ತೆ. ಮುಂದೆ ಹೋಗುವುದು ಬಿಡುವುದು ಅವನಿಗೆ ಬಿಟ್ಟದ್ದು. ನನಗೆ ಬೇಕಾದ ಪಾಠ ಅಲ್ಲೇ ಸಿಕ್ಕಿತು. ಸಲಹೆ ಕೊಟ್ಟು ಕಳಿಸಿದರೆ ಯಾರೂ ಹೋಗಲ್ಲ. ಕೇಳಿದವನೇ ಅದೇ ದಿನ ಮುಂದಿನ ಹೆಜ್ಜೆ ಹಾಕಿಸಬೇಕು. ಆ ತಯಾರಿ ಇಲ್ಲದಿದ್ದರೆ ಪ್ರಶ್ನೆ ಕೇಳಲೇಬಾರದು ಅಂತ ಈಗಲೂ ಹೇಳುತ್ತೇನೆ.

ಕೊನೆಗೆ ಕೈ ಹಿಡಿದದ್ದು ಲೈಫ್ ಸರ್ಟಿಫಿಕೇಟ್. ನವೆಂಬರ್ ಬಂತೆಂದರೆ ಪಿಂಚಣಿದಾರರು ಬದುಕಿದ್ದೇವೆ ಅಂತ ತೋರಿಸಲು ಓಡಾಡುತ್ತಾರೆ. ಬೆರಳಚ್ಚು ತೊಗೊಳ್ಳಲ್ಲ, ಸ್ಪರ್ಶ್‌ನಲ್ಲಿ ಹೆಸರು ತಾಳೆ ಆಗಲ್ಲ, ಓಟಿಪಿ ಬರಲ್ಲ. ನಾವು ಅದೇ ಕೆಲಸಕ್ಕೆ ಟೇಬಲ್ ಹಾಕಿದೆವು. ರಜೆಗೆ ಬಂದ ಜವಾನರಿಗೆ ಪಹಣಿ, ಡಿಪೆಂಡೆಂಟ್ ಕಾರ್ಡ್, ಹೊಲದ ತಕರಾರಿನ ಅರ್ಜಿ. ನಮ್ಮ ಕಡೆಯ ಜವಾನನ ಅರ್ಧ ರಜೆ ತಹಶೀಲ್ ಕಚೇರಿಯಲ್ಲೇ ಕಳೆಯುತ್ತೆ, ತಲೆ ಕೆಡುವುದೂ ಅಲ್ಲೇ. ಆ ಕೆಲಸ ಮಾಡಿಕೊಟ್ಟ ಮೇಲೆ ಒಳಗಿನ ಕೋಣೆಯಲ್ಲಿ ಹತ್ತು ನಿಮಿಷ ಆರೋಗ್ಯದ ಮಾತು. ಬಿಪಿ ನೋಡುತ್ತೇನೆ, ಶುಗರ್ ನೋಡುತ್ತೇನೆ. ಎಲ್ಲರಿಗೂ ಇದೇ, ಅದಕ್ಕೇ ಒಳಗೆ ಹೋದವನ ಬಗ್ಗೆ ಯಾರೂ ಏನೂ ಅಂದುಕೊಳ್ಳಲ್ಲ.

ಒಳಗೆ ಕೂತ ತಕ್ಷಣ ನಾನು ಹೇಳುವುದು ಒಂದೇ. ಈ ಹಾಳೆ ಯೂನಿಟ್‌ಗೆ ಹೋಗಲ್ಲ, ರೆಕಾರ್ಡ್ ಆಫೀಸಿಗೆ ಹೋಗಲ್ಲ, ಪಿಂಚಣಿಗೂ ಇದಕ್ಕೂ ಸಂಬಂಧ ಇಲ್ಲ. ನಿಮ್ಮ ಜೀವಕ್ಕೆ ಅಪಾಯ ಇದೆ ಅನಿಸಿದರೆ ಮಾತ್ರ ಇನ್ನೊಬ್ಬರಿಗೆ ಹೇಳುತ್ತೇನೆ. ಆಗಲೂ ಮೊದಲು ನಿಮಗೇ ಹೇಳಿ, ಆದಷ್ಟು ನೀವು ಹೇಳಿದ ಮನುಷ್ಯನಿಗೇ ಹೇಳುತ್ತೇನೆ. ಪೊಲೀಸ್ ಕೇಸಿನ ಅಂಜಿಕೆ ಇದ್ದವರಿಗೆ 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಕಲಂ ಹೇಳುತ್ತೇನೆ. ಆತ್ಮಹತ್ಯೆಗೆ ಪ್ರಯತ್ನಿಸಿದವನು ತೀವ್ರ ಒತ್ತಡದಲ್ಲಿದ್ದ ಅಂತಲೇ ಕಾನೂನು ಭಾವಿಸುತ್ತೆ. ಈ ನಾಲ್ಕು ಮಾತಿಗೆ ಎರಡು ನಿಮಿಷ. ಉತ್ತರ ಬದಲಾಗುವುದು ಇಲ್ಲಿಯೇ.

ಆಮೇಲೆ ನಿದ್ದೆ. ಯಾವ ಫೌಜಿಯೂ ನಿದ್ದೆ ಬಗ್ಗೆ ಸುಳ್ಳು ಹೇಳಲ್ಲ. ‘ನಿದ್ದಿ ಹತ್ತಲ್ಲ ರೀ ಸಾಬ್, ಮೂರಕ್ಕ ಎದ್ದು ಕುಂಡ್ರತೀನಿ’ ಅಂದರೆ ಬಾಗಿಲು ತೆರೆಯಿತು ಅಂತಲೇ ಅರ್ಥ. ನಿದ್ದೆಯಿಂದ ಕುಡಿತಕ್ಕೆ, ಕುಡಿತದಿಂದ ಮನೆಯ ಜಗಳಕ್ಕೆ. ಅಲ್ಲಿಂದ ಕೊಲಂಬಿಯಾ ಪ್ರಶ್ನೆಗೆ ಹೋಗಲು ನಡುವೆ ನಾನು ಒಂದು ಮಾತು ಕೇಳುತ್ತೇನೆ. ಅದು ಯಾವುದು ಅಂತ ಇಲ್ಲಿ ಬರೆಯುವುದಿಲ್ಲ. ಬರೆದರೆ ಕ್ಯಾಂಪಿನಿಂದ ಕ್ಯಾಂಪಿಗೆ ಹರಡಿ, ಅದಕ್ಕೂ ತಯಾರಿ ಉತ್ತರ ಬಂದುಬಿಡುತ್ತೆ. ನನ್ನ ಜೊತೆ ಬಂದು ಕೂತವರಿಗೆ ಕಲಿಸಿದ್ದೇನೆ. ಆದರೆ ಮುಖ್ಯ ಪ್ರಶ್ನೆಯನ್ನು ಸುತ್ತಿ ಬಳಸಿ ಕೇಳಬೇಡಿ. ‘ಸತ್ತು ಹೋದ್ರ ಚಲೋ ಇತ್ತು ಅಂತ ಈ ತಿಂಗಳದಾಗ ಯಾವಾಗಾದ್ರೂ ಅನಿಸ್ಯದ ಏನ್ರಿ?’ ಅಂತ ನೇರವಾಗಿ, ಮುಖ ನೋಡಿ ಕೇಳುತ್ತೇನೆ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದ ಹಾಗೆ ಆಗುತ್ತೆ ಅನ್ನುವ ಮಾತಿಗೆ ಸಂಶೋಧನೆಯ ಆಧಾರ ಇಲ್ಲ. ನನ್ನ ಅನುಭವದಲ್ಲೂ ಇಲ್ಲ. ಜಾಸ್ತಿ ಜನ ಉಸಿರು ಬಿಟ್ಟು ಹಗುರ ಆಗುತ್ತಾರೆ. ಇನ್ನೊಂದು: ಕೊಲಂಬಿಯಾದ ಎರಡನೇ ಪ್ರಶ್ನೆಗೆ (ಆತ್ಮಹತ್ಯೆಯ ಯೋಚನೆ) ‘ಇಲ್ಲ’ ಬಂತು ಅಂತ ಆರನೆಯದನ್ನು (ಪ್ರಯತ್ನ ಮಾಡಿದ್ದುಂಟಾ ಅನ್ನುವುದು) ಬಿಡಬೇಡಿ. ಈಗ ಯೋಚನೆ ಇಲ್ಲ ಅನ್ನುವವನು ಹೋದ ತಿಂಗಳು ಪ್ರಯತ್ನ ಮಾಡಿದ್ದನ್ನು ಅಲ್ಲಿ ಹೇಳುತ್ತಾನೆ. ನನಗೆ ಹಾಗೆ ಸಿಕ್ಕವರು ನಾಲ್ಕೈದು ಜನ.

ಒಬ್ಬರ ಸಂಗತಿ ಹೇಳುತ್ತೇನೆ, ಗುರುತು ಸಿಗದಂತೆ ಬದಲಿಸಿ. ನಿವೃತ್ತ ಹವಾಲ್ದಾರ್, ಬ್ಯಾಂಕ್ ಒಂದರಲ್ಲಿ ಗನ್‌ಮ್ಯಾನ್. ಪಿಎಚ್‌ಕ್ಯೂ-9ರಲ್ಲಿ ಅಂಕ ಐದೋ ಆರೋ. ಹತ್ತು ದಾಟಿದರೆ ಮಾತ್ರ ನೋಡುವವರು ಮನೆಗೆ ಕಳಿಸುತ್ತಿದ್ದರು. ಒಂಬತ್ತನೆಯದಕ್ಕೂ ಸೊನ್ನೆ. ಬಾಯಿ ಮಾತಲ್ಲಿ ಕೇಳಿದಾಗ ಸ್ವಲ್ಪ ಹೊತ್ತು ಟೋಪಿಯ ಅಂಚು ತಿರುಗಿಸುತ್ತಾ ಕೂತರು. ಆಮೇಲೆ ‘ಹೌದ್ ರೀ’ ಅಂದರು. ಬಂದೂಕು ಅವರದ್ದೇ ಲೈಸೆನ್ಸಿನದು, ಮನೆಯಲ್ಲೇ ಇರುತ್ತಿತ್ತು. ಮನೆಯಿಂದ ಅದನ್ನು ದೂರ ಇಡುವುದು ಮೊದಲ ಕೆಲಸ ಅಂತ ನಮಗೆಲ್ಲ ಗೊತ್ತು. ಆದರೆ ಆ ಬಂದೂಕೇ ಅವರ ನೌಕರಿ. ಬಂದೂಕು ಇದ್ದರೆ ಹದಿನೈದು ಹದಿನಾರು ಸಾವಿರ, ಇಲ್ಲದ ಗಾರ್ಡಿಗೆ ಹತ್ತರ ಆಸುಪಾಸು. ಪುಸ್ತಕದಲ್ಲಿ ಈ ಐದಾರು ಸಾವಿರದ ಮಾತು ಬರಲ್ಲ. ಸಂಘದ ಹಿರಿಯರೊಬ್ಬರು ಬಂದರು, ಹವಾಲ್ದಾರರೇ ಆರಿಸಿದವರು. ಚುನಾವಣೆ ಟೈಮಿನಲ್ಲಿ ಠಾಣೆಗೆ ಜಮಾ ಮಾಡುತ್ತಾರಲ್ಲ, ಹಾಗೇ ಅದೇ ಸಂಜೆ ಜಮಾ ಮಾಡಿಸಿ ರಸೀದಿ ತೊಗೊಂಡೆವು. ಗೋದಾಮು ಒಂದರಲ್ಲಿ ಬಂದೂಕಿಲ್ಲದ ಕೆಲಸ ಕೊಡಿಸಿದೆವು. ಸಂಬಳದ ವ್ಯತ್ಯಾಸವನ್ನು ಆರು ತಿಂಗಳ ಮಟ್ಟಿಗೆ ಸಂಘ ತುಂಬಿತು. ನನ್ನ ಲೆಕ್ಕದಲ್ಲಿ ಇಡೀ ಕೆಲಸದಲ್ಲಿ ಅತ್ಯಂತ ಸಾರ್ಥಕವಾಗಿ ಹೋದ ಮೂವತ್ತು ಚಿಲ್ಲರೆ ಸಾವಿರ ಅದು. ಅವರು ಈಗ ಔಷಧಿ ತೊಗೊಳ್ತಾರೆ, ನಮ್ಮ ಟೇಬಲ್‌ಗೂ ಬಂದು ಕೂಡುತ್ತಾರೆ.

ಹಳ್ಳಿಯಲ್ಲಿ ಬಂದೂಕಿಗಿಂತ ಹೊಲಕ್ಕೆ ಹೊಡೆಯುವ ಔಷಧದ ಚಿಂತೆ ಜಾಸ್ತಿ. ಅದನ್ನು ಮನೆಯಿಂದ ಎತ್ತಿಸಿ ಬೇರೆಯವರ ಕೈಗೆ ಕೀಲಿ ಕೊಡಿಸುತ್ತೇವೆ. ಮನೆಯಾಕೆ ಇದನ್ನು ಎಲ್ಲರಿಗಿಂತ ಚೆನ್ನಾಗಿ ಮಾಡುತ್ತಾರೆ.

‘ಹೌದು’ ಅಂದವರನ್ನು ಮೂರು ಥರ ನೋಡುತ್ತೇವೆ. ಯೋಜನೆ, ಉದ್ದೇಶ ಇದ್ದವರನ್ನು ಒಂಟಿ ಬಿಡದೆ ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇವೆ. ಆಟೋ ಬಾಡಿಗೆ ನಮ್ಮದು. ಇಷ್ಟು ಸಣ್ಣ ಖರ್ಚಿಗೆ ಮೊದಲು ಯಾರೂ ದುಡ್ಡು ಇಟ್ಟಿರಲಿಲ್ಲ, ಜನ ಅಲ್ಲೇ ತಪ್ಪಿಸಿಕೊಳ್ಳುತ್ತಿದ್ದರು. ಯೋಚನೆ ಮಾತ್ರ ಇದ್ದವರಿಗೆ ಕೂತು ಸುರಕ್ಷತೆಯ ಪ್ಲಾನ್ ಬರೆದು, ತಾಲೂಕು ಆಸ್ಪತ್ರೆಯ ಮಂಗಳವಾರದ ಮನೋಚೈತನ್ಯ (ಮಾನಸಿಕ ಆರೋಗ್ಯ) ಕ್ಲಿನಿಕ್‌ಗೆ ನಾವೇ ಜೊತೆಗೆ ಹೋಗುತ್ತೇವೆ. ಉಳಿದವರಿಗೆ ಫೋನ್. ಎಲ್ಲರ ಮೊಬೈಲ್‌ನಲ್ಲೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416 ಸೇವ್ ಮಾಡಿಸಿ, ನನ್ನ ಎದುರಿಗೇ ಒಮ್ಮೆ ಡಯಲ್ ಮಾಡಿಸುತ್ತೇನೆ. ಒಮ್ಮೆ ಮಾತಾಡಿದವನು ರಾತ್ರಿ ಮೂರಕ್ಕೂ ಮಾಡುತ್ತಾನೆ. ಸೇವೆಯಲ್ಲಿರುವವರಿಗೆ ಪುಣೆಯ ಸೇನಾ ವೈದ್ಯಕೀಯ ಕಾಲೇಜು ಎಎಫ್‌ಎಂಸಿಯಲ್ಲಿ 2023ರ ಡಿಸೆಂಬರಿನಲ್ಲಿ ಶುರುವಾದ ಪ್ರತ್ಯೇಕ ಟೆಲಿ-ಮಾನಸ್ ಕೇಂದ್ರ ಇದೆ ಅಂತ ಹೇಳುತ್ತೇನೆ. ರಜೆ ಮುಗಿಸಿ ಹೋಗುವವನ ಕೈಗೆ ಮತ್ತೆ ಹತಿಯಾರ ಬರುತ್ತೆ. ಅದಕ್ಕೇ ಅವನು ತಾನೇ ಯೂನಿಟ್ಟಿನ ಡಾಕ್ಟರಿಗೆ ಹೇಳುವ ಹಾಗೆ ತಯಾರು ಮಾಡಿ ಕಳಿಸುವುದು ದೊಡ್ಡ ಕೆಲಸ. ಇಲ್ಲಿ ಒಂದು ಕಿವಿಮಾತು: ಜವಾನನನ್ನು ರಜೆಯ ಎರಡನೇ ವಾರ ಕೇಳಿ. ಮೊದಲ ವಾರ ಊರಿನ ಖುಷಿ. ಕೊನೆಯ ಮೂರು ದಿನ ಬಾಯಿಗೆ ಬೀಗ.

ಸುಮ್ನೆ ನೋಡೋಣ ಅಂತ ಪತ್ರದ ಪ್ರಯೋಗವನ್ನೂ ಮಾಡಿದೆ. ಸ್ಯಾನ್ ಫ್ರಾನ್ಸಿಸ್ಕೊದ ಜೆರೋಮ್ ಮೊಟ್ಟೊ ಅನ್ನುವ ಮನೋವೈದ್ಯರು ಚಿಕಿತ್ಸೆ ನಿಲ್ಲಿಸಿದ ರೋಗಿಗಳಿಗೆ ವರ್ಷಗಟ್ಟಲೆ ಎರಡು ಸಾಲಿನ ಪತ್ರ ಬರೆಸಿದ್ದರು. ಮೊದಲ ವರ್ಷಗಳಲ್ಲಿ ಆತ್ಮಹತ್ಯೆ ಕಡಿಮೆ ಆಗಿತ್ತು. ನಮ್ಮಲ್ಲಿ ಪೋಸ್ಟ್ ಕಾರ್ಡಿಗೆ ಐವತ್ತು ಪೈಸೆ, ಇಷ್ಟು ಅಗ್ಗ ಬೇರೆ ಏನಿದೆ? ಆದರೆ ಕಾರ್ಡು ಮನೆ ಮುಟ್ಟುವುದರೊಳಗೆ ಅರ್ಧ ಊರು ಓದಿರುತ್ತೆ. ಎರಡೂವರೆ ರೂಪಾಯಿಯ ಇನ್‌ಲ್ಯಾಂಡ್ ಪತ್ರಕ್ಕೆ ಬದಲಿಸಿದೆವು. ‘ಹೇಂಗಿದ್ದೀರಿ, ಜೋಳ ರಾಶಿ ಆಯ್ತೇನು, ಈ ಕಡೆ ಬಂದ್ರ ಚಹಾಕ್ಕ ಬರ್ರಿ’, ಇಷ್ಟೇ. ನಲವತ್ತು ಐವತ್ತು ಜನಕ್ಕೆ ಹಾಕಿದೆವು. ಹತ್ತು ಹನ್ನೆರಡು ಜನ ತಾವಾಗಿಯೇ ಫೋನ್ ಮಾಡಿದರು. ಒಬ್ಬರು ಪತ್ರವನ್ನು ಪಿಂಚಣಿ ಪುಸ್ತಕದಲ್ಲಿ ಇಟ್ಟುಕೊಂಡಿದ್ದರು. ಇದು ಮುಂದುವರಿದಿದೆ. ವಾಟ್ಸ್ಆ್ಯಪ್‌ನಲ್ಲಿ ಇದೇ ಸಾಲು ಕಳಿಸಿ ನೋಡಿದೆ, ಕೈ ಮುಗಿಯುವ ಚಿತ್ರ ವಾಪಸ್ ಬಂತು, ಅಷ್ಟೇ.

ಲೆಕ್ಕ ಕೇಳುವವರಿಗೆ: ಟ್ಯಾಬಿನ ದುಡ್ಡು ಬಿಟ್ಟರೆ ಈಗ ವರ್ಷಕ್ಕೆ ಒಂದು ಲಕ್ಷದ ಒಳಗೇ ನಡೆಯುತ್ತೆ. ಅದರಲ್ಲಿ ಆಟೋ, ಬಸ್ ಚಾರ್ಜೇ ಅರ್ಧ. ಕೇಳಿದ ನೂರು ಜನರಲ್ಲಿ ಎಂಟು ಒಂಬತ್ತು ಜನ ಸಾವಿನ ಯೋಚನೆ ಒಪ್ಪಿಕೊಳ್ಳುತ್ತಾರೆ. ಗಡಿಗೆಯ ಲೆಕ್ಕಕ್ಕೆ ಹತ್ತಿರ ಬಂದಿದ್ದೇವೆ, ನನಗೆ ಹೆಮ್ಮೆ ಇರುವುದು ಇದರ ಬಗ್ಗೆ. ಅವರಲ್ಲಿ ಮುಕ್ಕಾಲು ಪಾಲು ಕನಿಷ್ಠ ಒಮ್ಮೆ ಡಾಕ್ಟರ್ ಮುಂದೆ ಕೂತಿದ್ದಾರೆ. ಲ್ಯಾನ್ಸೆಟ್ ತೋರಿಸಿದ ಮನೋವೈದ್ಯರು ಹೋದ ನವೆಂಬರಿನಿಂದ ತಿಂಗಳಿಗೊಂದು ಶನಿವಾರ ನಮ್ಮ ಟೇಬಲ್‌ಗೆ ಬರುತ್ತಿದ್ದಾರೆ, ಫೀಸು ತೊಗೊಳ್ಳಲ್ಲ.

ಅಗ್ನಿವೀರರನ್ನು ಸೇನೆಗೆ ತೊಗೊಳ್ಳುವ ಅಗ್ನಿಪಥ್ ಯೋಜನೆ 2022ರಲ್ಲಿ ಶುರುವಾದದ್ದು, ನಾಲ್ಕು ವರ್ಷದ ಸೇವೆ. ಕಾಯಂ ಆಗದ ಹುಡುಗರು ಇಪ್ಪತ್ತೆರಡು ಇಪ್ಪತ್ತಮೂರರ ವಯಸ್ಸಿಗೆ ಊರಿಗೆ ಬರುತ್ತಾರೆ. ಅವರಿಗೆ ಪಿಂಚಣಿ ಇಲ್ಲ, ಹಾಗಾಗಿ ಲೈಫ್ ಸರ್ಟಿಫಿಕೇಟ್ ಟೇಬಲ್ ಅವರಿಗೆ ನಡೆಯಲ್ಲ. ಪೊಲೀಸ್ ಭರ್ತಿಯ ಅರ್ಜಿ, ಸಾಲದ ಅರ್ಜಿ ತುಂಬಿಕೊಡುವ ಟೇಬಲ್ ಹಾಕಬೇಕು ಅಂತ ಭಾಲ್ಕಿಯಲ್ಲಿ ಜಾಗ ನೋಡಿದ್ದೇವೆ. ಕಲಬುರಗಿ, ಯಾದಗಿರಿ ಕಡೆ ಯಾರಾದರೂ ಇಂಥದ್ದೇ ಶುರು ಮಾಡುವುದಿದ್ದರೆ ನವೆಂಬರಿಗೆ ಮುಂಚೆ ಬಂದು ಎರಡು ದಿನ ನಮ್ಮ ಜೊತೆ ಕೂಡಿ. ಊಟ, ಇಳಿದುಕೊಳ್ಳುವ ವ್ಯವಸ್ಥೆ ಸಂಘದ್ದು.