ಅಕ್ವೇರಿಯಂ ನೀರು ಹಳದಿಯಾಗಿದ್ದರೆ

ಹುಬ್ಬಳ್ಳಿ-ಧಾರವಾಡದಲ್ಲಿ ಮನೆಯಲ್ಲಿ ಮೀನು ಸಾಕುವವರಿಗೆ ಒಂದು ಮಾತು. ಟ್ಯಾಂಕಿನಲ್ಲಿ ಕಟ್ಟಿಗೆ ತುಂಡು ಇಟ್ಟಿದ್ದರೆ ನೀರು ಚಹಾ ಬಣ್ಣಕ್ಕೆ ತಿರುಗುತ್ತದೆ, ಅಲ್ವಾ? ಆ ಬಣ್ಣ, ವಾಸನೆ ತೆಗೆಯಲು ಆಕ್ಟಿವೇಟೆಡ್ ಕಾರ್ಬನ್ (ಕಲ್ಮಶ ಹೀರುವಂತೆ ಸಂಸ್ಕರಿಸಿದ ಇಂಗಾಲ) ಹಾಕಿ. ಒಲೆಯ ಇದ್ದಿಲು ಬೇಡ್ರಿ, ಅದು ಬೇರೆ. ಕಪ್ಪು ಪುಡಿ ಹೋಗುವವರೆಗೆ ತೊಳೆದು, ಬಲೆಯ ಚೀಲದಲ್ಲಿ ತುಂಬಿ, ಫಿಲ್ಟರಿನಲ್ಲಿ ಸ್ಪಂಜಿನ ನಂತರ ಇಡಿ. 3-4 ವಾರಕ್ಕೆ ಬದಲಿಸಿ. ಕುದಿಸಿದರೆ ಮತ್ತೆ ಹೊಸದಾಗುತ್ತದೆ ಅನ್ನುವುದೆಲ್ಲ ಸುಮ್ನೆ.

ಮೀನಿಗೆ ಔಷಧಿ ಹಾಕುವಾಗ ಮಾತ್ರ ಕಾರ್ಬನ್ ತೆಗೆದಿಡಿ. ಇಲ್ಲದಿದ್ದರೆ ಔಷಧಿಯನ್ನೇ ಹೀರಿಬಿಡುತ್ತದೆ! ಕೋರ್ಸ್ ಮುಗಿದ ಮೇಲೆ ಹಾಕಿದರೆ ಉಳಿದ ಔಷಧಿ ಹೋಗುತ್ತದೆ.

ಮೀನಿನ ಮಲದಿಂದ ನೀರಿಗೆ ಸೇರುವ ಅಮೋನಿಯಾ, ನೈಟ್ರೇಟ್ ಮಾತ್ರ ಕಾರ್ಬನ್‌ನಿಂದ ಹೋಗುವುದಿಲ್ಲ. ನಮ್ಮ ಎಷ್ಟೋ ಓಣಿಗಳಿಗೆ ನಳದ ನೀರು ದಿನಾ ಬರುವುದಿಲ್ಲ, ನಿಜ. ಆದರೂ ಅವು ಕಡಿಮೆಯಾಗಲು ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಲೇಬೇಕು.